ಬಾನಿಗೆ ಬಂದ ಬಂಡೆಯ ಹುಣಸೆ

೧೯೪೭ನೆಯ ಇಸವಿ ಜೂನ್ ೧೫, ಭಾನುವಾರ. ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮಳೆಮಾಪಕ ನೋಡಿ ಬಂದು ಬರೆಯಲು ಕುಳಿತಿದ್ದೇನೆ. ರಾತ್ರಿ ಬಿದ್ದದ್ದು ಹದಿನೆಂಟು ಸೆಂಟು, ಅಂದರೆ ಅಂಗುಲದ ನೂರರಲ್ಲಿ ಹದಿನೆಂಟು ಪಾಲು, ದಾರಿಯ ಧೂಳು ಅಡಗುವಷ್ಟು.

ಮೊನ್ನೆ ಶುಕ್ರವಾರ ಮದ್ದೂರಿಗೆ ಹೋಗಿದ್ದೆ. ಪೇಟೆಯ ಹಿಂದಿನ ಬೀದಿಯಲ್ಲಿ ಯಾರೋ ಹಳೆಯ ಗೋಡೆಗೆ ಗಾರೆ ಹಾಕಿಸುತ್ತಿದ್ದರು. ಇಬ್ಬರು ಹೆಂಗಸರು ಸುಣ್ಣಕ್ಕೆ ಬೆಲ್ಲದ ನೀರು ಹುಯ್ದು ಅರೆಯುತ್ತಿದ್ದರು. ಸುಟ್ಟ ಕಲ್ಲಿನ ವಾಸನೆ, ಅದರ ಜೊತೆಗೇ ಆಲೆಮನೆಯ ವಾಸನೆ. ಮೂಗಿಗೆ ಬಿದ್ದದ್ದೇ ತಡ, ನನ್ನ ಕಾಲು ನಿಂತುಬಿಟ್ಟಿತು. ಬಂದ ಕೆಲಸ ಮರೆತು ಸುಮಾರು ಹೊತ್ತು ಅಲ್ಲೇ ನಿಂತಿದ್ದೆನಂತೆ. ಅರೆಯುತ್ತಿದ್ದವಳೊಬ್ಬಳು, “ಏನ್ಸೋಮಿ, ನಿಮ್ಗೂ ಒಂದ್ ಮುದ್ದೆ ಕೊಡ್ಲಾ?” ಎಂದು ನಕ್ಕಮೇಲೆ ಎಚ್ಚರವಾಯಿತು. ಊರಿಗೆ ಬಂದು ಪೆಟ್ಟಿಗೆಯಿಂದ ೧೯೪೩ರ ದಿನಚರಿ ತೆಗೆದೆ. ಅದನ್ನು ನೋಡಿಕೊಂಡು ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಮಂಡ್ಯದಿಂದ ಕೆರಗೋಡಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಹಳ್ಳಿ. ನಾನು ವ್ಯವಸಾಯದ ಫಾರಮ್ಮಿನಲ್ಲಿ ಮಳೆ, ಬಿಸಿಲು, ಗಾಳಿಯ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಊರಿನವರು ನನ್ನನ್ನು ಮಳೆ ಗುಮಾಸ್ತ ಅನ್ನುತ್ತಾರೆ. ಸಾವಿರದೊಂಬೈನೂರ ನಲವತ್ಮೂರರಲ್ಲಿ ನನಗೆ ಇಪ್ಪತ್ತು ವರ್ಷ, ಕೆಲಸ ಸಿಕ್ಕಿ ಎರಡನೆಯ ವರ್ಷ. ಮನೆಯಲ್ಲಿ ಅಪ್ಪ, ಅವ್ವ, ನಾನು. ಅಕ್ಕನ ಮದುವೆಯಾಗಿ ಹೋಗಿತ್ತು.

ಅಪ್ಪ ರೇಷ್ಮೆ ಇಲಾಖೆಯಲ್ಲಿ ಮೊಟ್ಟೆ ಪರೀಕ್ಷೆಯ ಕೆಲಸದಲ್ಲಿದ್ದವರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು, ರೋಗದ ಕಣ ಇದೆಯೋ ಇಲ್ಲವೋ ಎಂದು ಹೇಳಬೇಕು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದರು. ಹರೆಯದಲ್ಲಿ ಇಲಾಖೆಯವರು ಆ ಕೆಲಸ ಕಲಿತು ಬರಲಿ ಎಂದು ಅವರನ್ನು ಜಪಾನಿಗೂ ಕಳಿಸಿದ್ದರು. ಹಾಗಾಗಿ ಊರಲ್ಲಿ ಅವರಿಗೆ ‘ಜಪಾನ್ ಮೇಷ್ಟ್ರು’ ಎಂದೇ ಹೆಸರು. ಯುದ್ಧ ಶುರುವಾದ ಮೇಲೆ ಆ ಹೆಸರು ಸ್ವಲ್ಪ ತೊಡಕಾಯಿತು. ಅರಳಿಕಟ್ಟೆಯಲ್ಲಿ ಕೂತವರು, “ಮೇಷ್ಟ್ರೇ, ನಿಮ್ಮೋರು ಬಂದ್ರೆ ನಮ್ಮೂರ್‍ನ ಬುಟ್ಬುಡಿ ಅಂತ ಒಂದ್ ಮಾತ್ ಏಳಿ” ಎಂದು ಕಿಚಾಯಿಸುವರು.

ಜಪಾನಿನಲ್ಲಿ ಅಪ್ಪ ಇದ್ದದ್ದು ಒಬ್ಬ ರೇಷ್ಮೆ ರೈತನ ಮನೆಯಲ್ಲಿ. ಆ ಮನೆಯ ಜಗಲಿಯ ಮೇಲೆ ತಟ್ಟೆಯಂಥ ಕುಂಡದಲ್ಲಿ ಒಂದು ಪೈನ್ ಮರವಿತ್ತಂತೆ. ಸೂಜಿಯಂಥ ಎಲೆ, ಎತ್ತರ ಮೊಳದಷ್ಟು, ವಯಸ್ಸು ಮಾತ್ರ ಮನೆಯ ಯಜಮಾನನ ಅಜ್ಜನಿಗಿಂತ ಹೆಚ್ಚು. ಬೀಜ ಹಾಕಿ ಬೆಳೆಸಿದ್ದಲ್ಲ. ಸಮುದ್ರದ ಗಾಳಿಗೆ ಬೆನ್ನು ಬಗ್ಗಿಸಿ ಕಡಿದಾದ ಬಂಡೆಯ ಸಂದಿನಲ್ಲಿ ತಾನೇ ಹುಟ್ಟಿ, ಬೆಳೆಯಲಾಗದೆ ಮುದಿಯಾದ ಮರವನ್ನು ಹುಡುಕಿ, ಬೇರುಸಹಿತ ಎಬ್ಬಿಸಿ ತಂದದ್ದು. ಅಲ್ಲಿ ಅಂಥ ಕಾಡು ಪೈನುಗಳನ್ನು ಹುಡುಕಿಕೊಂಡು ಬೆಟ್ಟ ಹತ್ತುವವರೇ ಇದ್ದರಂತೆ. ಈ ಕತೆಯನ್ನು ಅಪ್ಪ ನನ್ನ ಚಿಕ್ಕಂದಿನಲ್ಲಿ ಎಷ್ಟೋ ಸಲ ಹೇಳಿದ್ದರು. ಕತೆ ಅಂತಲೇ ಕೇಳಿದ್ದೆ.

ಆ ವರ್ಷದ ಮೊದಲಲ್ಲೇ ಅಪ್ಪನ ಕಣ್ಣು ಮಸುಕಾಗತೊಡಗಿತ್ತು. ಫೆಬ್ರವರಿಯಲ್ಲಿ ಅವರನ್ನು ಮೈಸೂರಿನ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕಣ್ಣೊಳಗಿನ ನರ ಸಾಯುತ್ತಿದೆ, ಮದ್ದಿಲ್ಲ, ಇದ್ದರೆ ಇನ್ನು ಆರೇಳು ತಿಂಗಳ ಬೆಳಕು ಎಂದರು. ಬರುವಾಗ ರೈಲಿನಲ್ಲಿ ಅಪ್ಪ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಪಾಂಡವಪುರ ದಾಟಿದ ಮೇಲೆ ಮಾತಾಡಿದರು.

“ನಿಮ್ಮವ್ವಂಗೆ ಕನ್ನಡಕ ಬದ್ಲಾಯಿಸ್‌ಬೇಕಂತೆ ಅನ್ನು.”

“ಆಮೇಲೆ?”

“ಆಮೇಲೆ ಅವ್ಳಿಗೇ ಗೊತ್ತಾಯ್ತದೆ.” ಸ್ವಲ್ಪ ತಡೆದು, “ಲೇ, ಒಂದ್ ಮರ ತರಾಣ ಕಣ್ಲಾ. ಆ ಜಪಾನಿನಂಥದು” ಅಂದರು.

ನನಗೆ ಅರ್ಥವಾಗಲಿಲ್ಲ. ಕಣ್ಣು ಹೋಗುವವರಿಗೆ ಮರ ಯಾತಕ್ಕೆ?

“ದೊಡ್ಡ ಮರ ಕುರುಡಂಗೆ ಎಷ್ಟು ಸಿಕ್ತದೆ? ಬೊಡ್ಡೆ ತಬ್ಕೊಂಡ್ರೆ ಬೊಡ್ಡೆ ಸಿಕ್ತದೆ. ಮಿಕ್ಕಿದ್ದೆಲ್ಲ ಬರೀ ಸದ್ದು. ಗೇಣು ಮೊಳದ ಮರ ಆದ್ರೆ ಬೇರಿಂದ ತುದಿ ಗಂಟ ಕೈಗೆ ಸಿಕ್ತದೆ. ಒಂದಾದ್ರೂ ಪೂರ್ತಿ ಇರ್ಲಿ ನಂಗೆ.”

ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಈ ಒಂದು ಮಾತಿನಿಂದ.

ಪೈನ್ ನಮ್ಮ ಸೀಮೆಯಲ್ಲಿ ಎಲ್ಲಿಂದ ಬರಬೇಕು? ಮಂಡ್ಯದ ಸುತ್ತ ನಾಲೆ ನೀರು ಬಂದಮೇಲೆ ಎಲ್ಲ ಕಬ್ಬು, ಬತ್ತ, ಕೆಸರು. ಇಲ್ಲಿ ಹುಟ್ಟಿದ ಗಿಡ ಕೊಬ್ಬುತ್ತದೆ, ಮುದುಡುವುದಿಲ್ಲ. ಹುಡುಕಬೇಕಾದದ್ದು ಮಳವಳ್ಳಿ ಕಡೆಯ ನೀರಿಲ್ಲದ ಬಂಡೆಗಳ ಮೇಲೆ ಎಂದು ಅಪ್ಪ ತೀರ್ಮಾನ ಮಾಡಿದರು. ನನ್ನ ರಜೆಯ ದಿನಗಳಲ್ಲೆಲ್ಲ ಹೋದೆವು. ಪೆಟ್ರೋಲಿಗೆ ಯುದ್ಧದ ಕಟ್ಟುಪಾಡು ಇದ್ದದ್ದರಿಂದ, ಇದ್ದಿಲಿನ ಹೊಗೆಯಲ್ಲೇ ಓಡಲಿ ಎಂದು ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸುವ ಡ್ರಮ್ಮು ಕಟ್ಟಿದ್ದರು. ಏರು ಬಂದರೆ ಬಸ್ಸು ಕೆಮ್ಮಿ ನಿಲ್ಲುವುದು. ಜನ ಇಳಿದು ನಡೆಯುವರು. ಆ ಬಸ್ಸಿನ ಮೆಕ್ಯಾನಿಕ್ಕು ಮಳವಳ್ಳಿಯ ಖಾದರ್ ಸಾಬರು ಅಪ್ಪನಿಗೆ ಹಳೆಯ ಗೆಳೆಯ. ಬಂಡೆಯ ಸಂದಿಗೆ ಇಳಿಯುವಂಥ ತೆಳುವಾದ ಉದ್ದನೆಯ ಉಳಿಗಳನ್ನು ಹಳೆಯ ಸ್ಪ್ರಿಂಗು ಬಡಿದು ಅವರೇ ಮಾಡಿಕೊಟ್ಟರು.

ಮಾರ್ಚಿನ ಕೊನೆಯವರೆಗೆ ನೋಡಿದ ಗಿಡ ನಲವತ್ತೊಂದು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಎಬ್ಬಿಸಿದ್ದು ಮೂರು: ಒಂದು ಕಾರೆ, ಎರಡು ಬೇಲ. ಮೂರೂ ಊರಿಗೆ ಬಂದು ಎಲೆ ಉದುರಿಸಿ ಕಡ್ಡಿಯಾದವು. ಪ್ರತಿ ಸಲವೂ ಅಪ್ಪ ಕಡ್ಡಿಯ ತೊಗಟೆಯನ್ನು ಉಗುರಲ್ಲಿ ಕೆರೆದು ಕಣ್ಣಿನ ಹತ್ತಿರ ಹಿಡಿಯುವರು. ಮೊದಲನೆಯದನ್ನು ಮೊಳ ದೂರದಲ್ಲಿ ಹಿಡಿದು ನೋಡಿದ್ದರು. ಮೂರನೆಯದನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. ಬಳಿಕ, “ಹಸ್ರಾ?” ಎಂದು ನನ್ನನ್ನೇ ಕೇಳಿದರು.

ಹುಣಸೆ ಸಿಕ್ಕಿದ್ದು ಯುಗಾದಿ ಕಳೆದ ಎರಡನೆಯ ಭಾನುವಾರ, ಆ ಕಡೆಯ ಜನ ಕುರಿಬಂಡೆ ಎಂದು ಕರೆಯುವ ಒಂದು ಬೋಳು ಕಲ್ಲಿನ ಮೇಲೆ. ಮೇಕೆ ಮೇಯಿಸುತ್ತಿದ್ದ ನಿಂಗಯ್ಯ ಎಂಬ ಮುದುಕ ತೋರಿಸಿದ. ಬಂಡೆ ಸೀಳಿದ ಗೆರೆಯಲ್ಲಿ ಒಂದು ಕಪ್ಪನೆಯ ಗಂಟು, ನನ್ನ ಮೊಣಕಾಲಿಗೂ ಬಾರದ ಎತ್ತರ, ಬೊಡ್ಡೆ ಮಾತ್ರ ತೊಡೆಯಷ್ಟು ದಪ್ಪ. ದೊಡ್ಡ ಹುಣಸೆಮರದ ತೊಗಟೆ ಹೇಗೆ ಒಡೆದಿರುತ್ತದೋ ಹಾಗೆಯೇ ಒಡೆದಿತ್ತು. ತುದಿಯ ಕಡ್ಡಿಗಳನ್ನು ಮೇಕೆಗಳು ಕತ್ತರಿಯಿಟ್ಟಂತೆ ಮೇಯ್ದಿದ್ದವು.

“ಎಷ್ಟ್ ವರ್ಷದ್ದು?” ಎಂದು ಅಪ್ಪ ಕೇಳಿದರು.

“ನಾನ್ ಸಣ್ ಐದ ಇದ್ದಾಗ್ಲೂ ಇಷ್ಟೇ ಇತ್ತು. ನಮ್ಮಪ್ಪನ್ ಮೇಕೆ ತಿಂದ್ವು, ನನ್ ಮೇಕೆ ತಿಂತಾವೆ. ಬೆಳಿಯಾಕೆ ಬುಟ್ರಲ್ವಾ?”

ಅಪ್ಪ ಬಂಡೆಯ ಮೇಲೆ ಬೋರಲಾಗಿ ಮಲಗಿದರು. ಆ ಮರದ ಮೇಲೆ ಎರಡೂ ಕೈ ಆಡಿಸಿದರು. “ಅಲ್ಲಿ ಗಾಳಿ ಮಾಡಿದ್ದನ್ನ ಇಲ್ಲಿ ಮೇಕೆ ಮಾಡಿದೆ” ಎಂದು ನನಗೆ ಹೇಳಿದರು. ಅವರ ಮುಖದಲ್ಲಿ ಆ ನಗು ನಾನು ನೋಡಿ ವರ್ಷವಾಗಿತ್ತು.

ಕ್ರಮವಾಗಿ ಮಾಡುವುದಾದರೆ ಇಂಥ ಮರವನ್ನು ಒಂದೇ ಸಲಕ್ಕೆ ಎಬ್ಬಿಸಬಾರದು. ಒಂದು ವರ್ಷ ಒಂದು ಪಕ್ಕದ ಬೇರು ಕಡಿದು ಒಳ್ಳೆಯ ಮಣ್ಣು ತುಂಬಬೇಕು. ಅಲ್ಲಿ ಹೊಸ ಬೇರು ಹುಟ್ಟಿದ ಮೇಲೆ ಮರುವರ್ಷ ಇನ್ನೊಂದು ಪಕ್ಕ. ಮೂರನೆಯ ವರ್ಷ ಎಬ್ಬಿಸಬೇಕು. ಅಪ್ಪನಿಗೆ ಇದು ಗೊತ್ತಿತ್ತು. “ನಂಗೆ ಮೂರು ವರ್ಷ ಇಲ್ವಲ್ಲ” ಎಂದರು. ಆವತ್ತೇ ಒಂದು ಪಕ್ಕ ಕಡಿದು ಮಣ್ಣು ತುಂಬಿದೆವು. ಮಳೆ ಹಿಡಿಯುವತನಕ ನಿಂಗಯ್ಯ ಅದಕ್ಕೆ ಮುಳ್ಳು ಮುಚ್ಚಿ ಕಾಯುತ್ತೇನೆಂದ. ಕಾದ ಕೂಡ.

ಜೂನ್ ಎರಡನೆಯ ವಾರ ಮಳವಳ್ಳಿ ಕಡೆ ಎರಡು ಹದ ಮಳೆಯಾಯಿತು. ಹದಿಮೂರನೆಯ ತಾರೀಕು ಭಾನುವಾರ ಬೆಳಗ್ಗೆಯೇ ಬಂಡೆಯ ಮೇಲಿದ್ದೆವು. ಅಪ್ಪ ಮತ್ತೆ ಬೋರಲು ಮಲಗಿ ತೋಳನ್ನು ಭುಜದವರೆಗೆ ಸಂದಿಗಿಳಿಸಿದರು. ಕಣ್ಣು ಆಗಲೇ ಮಂಜು. ಆದರೂ ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಬೆರಳಲ್ಲೇ ಹುಡುಕಿ, “ಇದು ಬರೀ ಹಿಡ್ಕೊಳ್ಳೋ ಬೇರು, ಕಡಿ. ಇದು ಉಣ್ಣೋ ಬೇರು, ಬುಡು” ಎನ್ನುವರು. ನಾನು ಉಳಿ ಹಾಕುವೆ. ಖಾದರ್ ಸಾಬರು ಸಂದಿಗೆ ಬಿಂದಿಗೆಯಿಂದ ನೀರು ಬಿಡುವರು. ಮಧ್ಯಾಹ್ನದ ಹೊತ್ತಿಗೆ ಮರ ಒಂದು ಸಲ ಅಲುಗಿತು. ಅಪ್ಪ ಕೈ ಹೊರಗೆ ತೆಗೆದಾಗ ತೋಳೆಲ್ಲ ತರಚಿ ರಕ್ತವಾಗಿತ್ತು.

ಹಸಿ ಗೋಣಿ ಸುತ್ತಿ, ಮೇಲೆ ಬತ್ತದ ಹುಲ್ಲು ಕಟ್ಟಿದೆವು. ನಿಂಗಯ್ಯ ಮೇಕೆಗಳ ನಡುವೆ ನಿಂತು ಕೂಗಿದ: “ಸೋಮಿ, ಉಣಸೆ ಮರ ಓತ್ಕೊಂಡ್ ಓಯ್ತಾ ಇದ್ದೀರಿ, ಅದ್ರಾಗಿರೋ ದೆವ್ವಾನ ಇಲ್ಲೇ ಬುಟ್ಟೋಗಿ. ನಂಗೆ ಮಾತಾಡಾಕೆ ಯಾರಾದ್ರೂ ಬೇಕು.”

ಬಸ್ಸಿನಲ್ಲಿ ಕಂಡಕ್ಟರು ಮರಕ್ಕೆ ಚಾರ್ಜು ಹಾಕಬೇಕೆಂದ. ಖಾದರ್ ಸಾಬರು, “ಹಾಕಪ್ಪ. ವಯಸ್ಸು ನೋಡಿದ್ರೆ ಪೂರ್ತಿ ಟಿಕೀಟು, ಎತ್ತರ ನೋಡಿದ್ರೆ ಅರ್ಧ. ನಿನ್ ರೂಲಲ್ಲಿ ಯಾವ್ದದೆ ನೋಡು” ಅಂದರು. ಬಸ್ಸೆಲ್ಲ ನಕ್ಕಿತು. ಅಪ್ಪ ಮರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು, ಹಸುಗೂಸಿನ ತಲೆ ಹಿಡಿದಂತೆ ಒಂದು ಕೈ ಹುಲ್ಲಿನ ಕಟ್ಟಿನ ಮೇಲೆ.

ಕುಂಡಕ್ಕೆ ಮೊದಲೇ ಏರ್ಪಾಡಾಗಿತ್ತು. ತಟ್ಟೆಯಂಥ ಕುಂಡ ನಮ್ಮಲ್ಲಿ ಎಲ್ಲಿ ಸಿಗಬೇಕು? ಮದ್ದೂರಿನ ಒಬ್ಬ ಕುಂಬಾರ ಹೆಂಗಸು ಕರುವಿಗೆ ಕಲಗಚ್ಚು ಇಡುವಂಥ ಬಾನಿಯನ್ನೇ ಆಳ ಕಡಿಮೆ ಮಾಡಿ, ಬಾಯಿ ಅಗಲ ಮಾಡಿ, ತಟ್ಟಿ ಸುಟ್ಟುಕೊಟ್ಟಳು. ಆದರೆ ತಳದಲ್ಲಿ ತೂತು ಮಾಡಿಕೊಡು ಎಂದದ್ದಕ್ಕೆ ಮಾತ್ರ ಒಪ್ಪಲಿಲ್ಲ.

“ತೂತು ಮಡಿಕೆ ಯಾವಾಗ ಬೇಕಾಯ್ತದೆ ಅಂತ ಗೊತ್ತಿಲ್ವಾ ಸೋಮಿ? ಮಸಾಣದಲ್ಲಿ ಎಗಲ ಮ್ಯಾಲೆ ಇಟ್ಕೊಂಡು ಸುತ್ತು ಬರಕ್ಕೆ. ಅದ್ಕೂ ನಾವು ಗಟ್ಟಿ ಮಡಿಕೆನೇ ಕೊಡಾದು, ತೂತು ಅಲ್ಲೋರು ಮಾಡ್ಕೋತಾರೆ. ಕುಂಬಾರ್‍ರ ಕೈಲಿ ಮಾಡಿಸ್‌ಬ್ಯಾಡಿ.”

ಅಪ್ಪ ವಾದ ಮಾಡಲಿಲ್ಲ. ಬಾನಿ ಮನೆಗೆ ತಂದು ಬಡಗಿಯಿಂದ ಕೊರೆಯುವ ಬೈರಿಗೆ ಕೇಳಿ ತಂದು, ಮರಳು ನೀರು ಹಾಕುತ್ತಾ, ತಳಕ್ಕೆ ಹೆಬ್ಬೆರಳು ಹೋಗುವಷ್ಟು ಒಂದು ತೂತು ಕೊರೆದರು. ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇದನ್ನ ಮನೆಯಾಗೆ ಮಡಗ್ತೀರಾ?”

“ಅಂಗಳದಲ್ಲಿ.”

“ಅಂಗಳ ಮನೆಯಲ್ವಾ?”

“ನೀರು ಬಸೀಬೇಕು ಕಣೆ. ಬಸೀದಿದ್ರೆ ಬೇರು ಕೊಳೀತದೆ. ಬಂಡೆ ಮ್ಯಾಲೆ ಹುಟ್ಟಿದ್ದು ಅದು, ನೀರು ನಿಂತಿದ್ದು ಅದಕ್ಕೆ ಗೊತ್ತಿಲ್ಲ.”

“ಮರದ್ ಜೀವ ಅಷ್ಟು ಗೊತ್ತದೆ ನಿಮ್ಗೆ” ಎಂದು ಅವ್ವ ಒಳಗೆ ಹೋದಳು.

ಮರಳು, ಇಟ್ಟಿಗೆ ಪುಡಿ, ಎಲೆಗೊಬ್ಬರ ಬೆರೆಸಿ ಹುಣಸೆಯನ್ನು ಬಾನಿಗೆ ಕೂರಿಸಿದೆವು. ಅಂಗಳದ ನೆರಳಿನ ಮೂಲೆಯಲ್ಲಿ, ಒಂದು ಚಪ್ಪಡಿಯ ಮೇಲೆ ಎರಡು ಇಟ್ಟಿಗೆ, ಅದರ ಮೇಲೆ ಬಾನಿ. ನೀರು ಹುಯ್ದಾಗ ತಳದಿಂದ ಎಳೆಯಾಗಿ ಇಳಿಯಿತು. ಅಪ್ಪ ಅದರ ಕೆಳಗೆ ಅಂಗೈ ಒಡ್ಡಿ ನೋಡಿದರು. ಮೂರು ವಾರ ಏನೂ ಆಗಲಿಲ್ಲ. ಇದ್ದ ನಾಲ್ಕು ಎಲೆಗಳೂ ಉದುರಿದವು. ಜುಲೈ ಆರನೆಯ ತಾರೀಕಿನ ಪುಟದಲ್ಲಿ, ಮಳೆಯ ಅಂಕಿಯ ಕೆಳಗೆ, “ಮೊಗ್ಗು, ಎರಡು, ಕೆಂಪು” ಎಂದು ಬರೆದಿದ್ದೇನೆ. ಅಪ್ಪನಿಗೆ ಹೇಳಿದೆ. ಅವರು ಓಡಿಬರಲು ಹೋಗಿ ಕಂಬಕ್ಕೆ ಹಣೆ ಬಡಿಸಿಕೊಂಡರು. ಆದರೂ ನಗುತ್ತಲೇ ಇದ್ದರು.

ಆ ತಿಂಗಳು ಚಿಗುರು ಬಂತು, ಕಣ್ಣು ಹೋಯಿತು. ಮೊದಲು ಓರೆಯ ನೋಟ, ಆಮೇಲೆ ಮನುಷ್ಯರ ಮುಖ, ಆಮೇಲೆ ಬಾಗಿಲು ಕಿಟಕಿಯ ಗುರುತು. ತಿಂಗಳ ಕೊನೆಯಲ್ಲಿ ಕಾಲುವೆಯ ಏರಿಯ ಮೇಲೆ ಒಬ್ಬರೇ ನಡೆಯುತ್ತಾ ನೀರಿಗೆ ಬಿದ್ದರು. ಗದ್ದೆಯಲ್ಲಿದ್ದವರು ಎತ್ತಿ ತಂದರು. ನಾಲ್ಕು ದಿನ ಜ್ವರ. ಜ್ವರ ಬಿಟ್ಟ ಮಾರನೆಯ ದಿನ ಆಗಸ್ಟ್ ಒಂದು, ಭೀಮನ ಅಮಾವಾಸ್ಯೆ. ಗಂಡನ ಆಯುಸ್ಸಿಗಾಗಿ ಹೆಂಗಸರು ಪೂಜೆ ಮಾಡುವ ದಿನ. ಅವ್ವ ಅಪ್ಪನನ್ನು ಮಣೆಯ ಮೇಲೆ ಕೂರಿಸಿ, ಕಾಲು ತೊಳೆದು, ಆರತಿ ತಟ್ಟೆಯಲ್ಲಿ ಎರಡು ದೀಪ ಹಚ್ಚಿ ಅವರ ಮುಖದ ಮುಂದೆ ಎತ್ತಿದಳು.

ಅಪ್ಪ ಕಾದು ಕಾದು, “ದೀಪ ಹಚ್ಚು ಮತ್ತೆ, ಯಾಕೆ ತಡ?” ಅಂದರು.

ಹಚ್ಚಿದ್ದೀನಿ ಎಂದು ಅವ್ವ ಹೇಳಲಿಲ್ಲ. ಒಂದು ಸಲ ಸುತ್ತಿ, ಕಣ್ಣಿಗೊತ್ತಿಕೊಂಡು, ಒಳಗೆ ಹೋದಳು. ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಅವಳ ಬೆರಳುಗಳು ಬೆಳ್ಳಗಿದ್ದವು. ಹಬ್ಬದ ದಿನ ಎಲ್ಲೋ ಗೋಡೆಗೆ ಸುಣ್ಣ ಮೆತ್ತಿರಬೇಕು ಅಂದುಕೊಂಡೆ.

ಅದಾದ ಮೇಲೆ ಬಂದ ಎರಡು ತಿಂಗಳು ನಮ್ಮ ಮನೆಯಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಈಗ ಅದನ್ನು ಬರೆಯುವುದೇ ಕಷ್ಟ. ಹುಣಸೆ ಮೈತುಂಬ ಎಲೆ ಬಿಟ್ಟಿತು. ಹುಣಸೆಯ ಎಲೆ ಹೊತ್ತು ಮುಳುಗಿದರೆ ಜೋಡಿಜೋಡಿಯಾಗಿ ಮಡಿಚಿಕೊಳ್ಳುತ್ತದೆ, ಬೆಳಕಾದರೆ ಬಿಚ್ಚಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಯಾರು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ಅಪ್ಪನಿಗೆ ಬೆರಳಿನ ತುದಿಯಲ್ಲಿ ಅದು ಸಿಕ್ಕಿತು. ಕತ್ತಲು ಬೆಳಕು ಎರಡೂ ಒಂದೇ ಆಗಿದ್ದ ಮನುಷ್ಯನಿಗೆ ಹಗಲು ರಾತ್ರಿ ವಾಪಸು ಬಂದವು. ಸಂಜೆ ಅಂಗಳಕ್ಕೆ ಹೋಗಿ, ಮರ ಮುಟ್ಟಿ, “ಹೊತ್ತು ಮುಳುಗ್ತು ಕಣೆ, ದೀಪ ಹಚ್ಚು” ಎಂದು ಕೂಗುವರು. ಅವ್ವ ಆ ಕೂಗು ಬರುವತನಕ ದೀಪ ಹಚ್ಚುತ್ತಿರಲಿಲ್ಲ. ಮೋಡ ಕವಿದು ಮನೆಯೊಳಗೆ ಕತ್ತಲೆಯಾದರೂ ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ಬೆಳಗ್ಗೆ ಎದ್ದಮೇಲೂ ಹಾಗೆಯೇ. ಗೋಡೆ ಹಿಡಿದು ಹೋಗಿ ಎಲೆ ಮುಟ್ಟುವರು, ಬಿಚ್ಚಿದ್ದರೆ ಮುಖ ತೊಳೆಯುವರು.

ಸೆಪ್ಟೆಂಬರಿನಲ್ಲಿ ಕೆಳಗಿನ ಕೊಂಬೆಯ ಕೆಲವು ಎಲೆ ಹಳದಿಯಾದವು. “ಉದುರ್‍ತಾ ಅವೆ” ಎಂದು ಅಪ್ಪ ಒಂದೆರಡು ಸಲ ಅಂದರು. ನೀರು ಕಡಿಮೆ ಮಾಡಿದರು. ಬೆರಳು ತೂರಿಸಿ, ಮೇಲಿನ ಮರಳು ಪೂರಾ ಒಣಗಿದ ಮೇಲೆ ಮಾತ್ರ ಅರ್ಧ ಚೆಂಬು. ಅಷ್ಟು ನೀರಿಗೆ ತಳದಿಂದ ಹನಿ ಇಳಿಯದಿದ್ದದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಅಕ್ಟೋಬರಿನ ಆ ವಾರದ ಪುಟಗಳಲ್ಲಿ ನನ್ನ ಅಕ್ಷರವೇ ಒದ್ದೆಯಾಗಿ ಹರಡಿದೆ. ಹಗಲೂ ಸುರಿಯಿತು, ಇರುಳೂ ಸುರಿಯಿತು. ಮಳೆಮಾಪಕದ ಡಬ್ಬಿಯನ್ನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಖಾಲಿ ಮಾಡಬೇಕಾಯಿತು. ಕಬ್ಬು ಮಲಗಿತು. ಮಣ್ಣಿನ ಗೋಡೆಗಳು ಬಿದ್ದವು. ದನಗಳನ್ನು ಯಾರೂ ಹೊರಗೆ ಬಿಡಲಿಲ್ಲ. ಬೀದಿಯಲ್ಲಿ ಮಾತಿಲ್ಲ, ಕೊಟ್ಟಿಗೆಯಲ್ಲಿ ಗಂಟೆಯ ಸದ್ದಿಲ್ಲ.

ಮಳೆ ನಿಂತ ದಿನ ಬೆಳಗ್ಗೆ ಎಂಟಕ್ಕೆ ಮಾಪಕ ನೋಡಿಕೊಂಡು ಫಾರಮ್ಮಿನಿಂದ ಮನೆಗೆ ಬಂದೆ. ಅಪ್ಪ ಇನ್ನೂ ಹಾಸಿಗೆಯ ಮೇಲಿದ್ದರು, ಕಂಬಳಿ ಕುತ್ತಿಗೆಯವರೆಗೆ ಎಳೆದುಕೊಂಡು. ಅವ್ವ ಬಿಸಿ ಅಂಬಲಿಯ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಮುಖ ನನಗೆ ಅರ್ಥವಾಗಲಿಲ್ಲ.

“ಅಪ್ಪ, ಏಳು. ಮೈ ಉಷಾರಿಲ್ವಾ?”

“ಇಷ್ಟೊತ್ತಿಗೆ ಯಾಕ್ಲಾ ಎಬ್ಬಿಸ್ತೀಯ? ಇನ್ನೂ ಬೆಳಕಾಗಿಲ್ಲ.”

“ಎಂಟಾಯ್ತು.”

“ಕೋಳಿ ಕೂಗ್ತು, ಎದ್ದು ಹೋಗಿ ನೋಡ್ಕೊಂಡು ಬಂದೆ. ಮೋಡ ಕವಿದ್ರೆ ಕೋಳಿನೂ ಹೊತ್ತು ತಪ್ಪಿ ಕೂಗ್ತದೆ. ಎಲೆ ಮುಚ್ಚಿದೆ ಇನ್ನೂ.”

ನಾನು ಅಂಗಳಕ್ಕೆ ಹೋದೆ. ಬಿಸಿಲು ಬಿದ್ದಿತ್ತು. ತೊಳೆದ ಬಿಸಿಲು, ಆ ವಾರದಲ್ಲಿ ಮೊದಲನೆಯದು. ಹುಣಸೆಯ ಒಂದೊಂದು ಎಲೆಯೂ ನಡುರಾತ್ರಿಯಂತೆ ಮಡಿಚಿಕೊಂಡು ಜೋತುಬಿದ್ದಿತ್ತು. ಬಾನಿಯನ್ನು ಎತ್ತಲು ನೋಡಿದೆ. ಕಲ್ಲಿನ ಭಾರ. ಓರೆ ಮಾಡಿದಾಗ ಅಂಚಿನಿಂದ ಕಪ್ಪು ನೀರು ಚೆಲ್ಲಿತು, ಕೊಳೆತ ನಾರಿನ ವಾಸನೆ ಬಂತು. ತಳ ಮುಟ್ಟಿದೆ. ತೂತು ಇರಬೇಕಾದ ಜಾಗದಲ್ಲಿ ತೂತು ಇರಲಿಲ್ಲ. ನುಣ್ಣಗೆ, ಬಾನಿಯ ಮೈಗಿಂತ ಗಟ್ಟಿಯಾಗಿ, ಏನೋ ಮೆತ್ತಿತ್ತು. ಉಗುರು ಹೊಕ್ಕಲಿಲ್ಲ. ಕಲ್ಲು ತೆಗೆದು ಕುಟ್ಟಿದೆ. ಚೂರು ಎದ್ದು ಕೈಗೆ ಬಂತು, ಮೂಸಿದೆ. ಸುಣ್ಣ, ಬೆಲ್ಲ. ಒಡೆದ ಮಡಕೆಗೆ, ಸೋರುವ ಬಾನಿಗೆ ನಮ್ಮ ಹೆಂಗಸರು ಅರೆದು ಮೆತ್ತುವುದು ಅದೇ.

ಹಿಂದೆ ಗೋಡೆ ಹಿಡಿದುಕೊಂಡು ಅಪ್ಪ ಬಂದಿದ್ದರು. ಕುಟ್ಟಿದ ಸದ್ದು ಕೇಳಿರಬೇಕು. ಕೈ ಚಾಚಿದರು. ಆ ಚೂರನ್ನು ಅವರ ಅಂಗೈಯಲ್ಲಿಟ್ಟೆ. ಬೆರಳಲ್ಲಿ ತಿರುಗಿಸಿದರು, ಮೂಸಿದರು, ನಾಲಗೆಯ ತುದಿಗೆ ತಾಗಿಸಿದರು.

ಅವ್ವ ಬಟ್ಟಲು ಕೆಳಗಿಟ್ಟಳು.

“ನಾನೇ ಮೆತ್ತಿದ್ದು. ಅಮಾಸೆ ದಿನ” ಎಂದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. “ಇನ್ನೇನ್ ಮಾಡ್ಲಿ? ನಮ್ಮಪ್ಪ ಸತ್ತಾಗ ನಮ್ಮಣ್ಣ ತೂತು ಮಡಿಕೆ ಓತ್ಕೊಂಡು ಸುತ್ತು ಬಂದದ್ದ ಕಂಡಿವ್ನಿ. ಅಂಥದ್ದು ಅಂಗಳದಾಗೆ ಬಂತು, ನಿಮ್ ಕಣ್ಣು ಓಯ್ತು. ಕಾಲ್ವೆಗೆ ಬಿದ್ರಿ. ದೀಪ ಮುಖದ್ ಮುಂದೆ ಇಟ್ರೆ ದೀಪ ಹಚ್ಚು ಅಂದ್ರಿ. ಕಣ್ಣಾದ್ಮೇಲೆ ಇನ್ನೇನ್ ಓಯ್ತದೆ ಅಂತ ನಂಗ್ ಗೊತ್ತಿಲ್ವಾ? ಮರ ಓದ್ರೆ ಓಗ್ಲಿ ಅಂತ ಮೆತ್ತಲಿಲ್ಲ ಕಣ್ರೀ. ಮರ ಸಾಯ್ತದೆ ಅಂತ ನಂಗ್ ಅನ್ನಿಸ್ಲೇ ಇಲ್ಲ. ನೀರಿದ್ರೆ ಮರ ಯಾತಕ್ಕೆ ಸಾಯ್ತದೆ?”

ಮಳವಳ್ಳಿಯ ಬೆಂಗಾಡಿನಲ್ಲಿ ಹುಟ್ಟಿ, ಎರಡು ಮೈಲಿ ಕೊಡ ಹೊತ್ತು ಬೆಳೆದವಳು ನಮ್ಮವ್ವ.

ಅಪ್ಪ ಚೂರನ್ನು ಉಗುರಲ್ಲಿ ಕೆರೆಯುತ್ತಲೇ ಇದ್ದರು.

“ಸುಣ್ಣ ಎಷ್ಟು, ಬೆಲ್ಲ ಎಷ್ಟು ಹಾಕ್ದೆ?”

“ಸಮಾಸಮ.”

“ಅದ್ಕೇ ಮತ್ತೆ” ಅಂದರು ಅಪ್ಪ. “ಒಂದ್ ಹನಿ ಆಚೆ ಬಂದಿಲ್ಲ. ಒಳ್ಳೆ ಕೆಲ್ಸ ಕಣಮ್ಮಿ.”

ಅದು ವ್ಯಂಗ್ಯವೋ, ಸಮಾಧಾನವೋ, ಇವತ್ತಿಗೂ ನನಗೆ ತಿಳಿಯದು. ಆಮೇಲೆ ಬಟ್ಟಲು ಎಲ್ಲಿದೆ ಎಂದು ಕೇಳಿದರು, ಅಂಬಲಿ ಕುಡಿದರು.

ನೀರು ಬಸಿದೆವು, ಕೊಳೆತ ಬೇರು ಕತ್ತರಿಸಿದೆವು, ಒಣ ಮರಳಿಗೆ ಹಾಕಿದೆವು. ಎಲೆಗಳು ಮಡಿಚಿಕೊಂಡೇ ಒಣಗಿ, ಮಡಿಚಿಕೊಂಡೇ ಉದುರಿದವು. ದೀಪಾವಳಿಯ ಹೊತ್ತಿಗೆ ಮರ ಬೋಳು. ಅಪ್ಪ ಆಮೇಲೂ ಕೆಲವು ದಿನ ಸಂಜೆ ಅಂಗಳಕ್ಕೆ ಹೋಗಿ ಅದನ್ನು ಬೇರಿನಿಂದ ತುದಿಯತನಕ ಸವರುತ್ತಿದ್ದರು. ಆದರೆ ಸತ್ತ ಕಡ್ಡಿ, ಮುಟ್ಟಿದಾಗೆಲ್ಲ ಒಂದೊಂದು ಸಣ್ಣ ತುದಿ ಲಟಕ್ಕೆಂದು ಮುರಿಯುವುದು. ಒಂದು ಸಂಜೆ ಕೈ ಚಾಚಿದವರು ಹಾಗೆಯೇ ಹಿಂದಕ್ಕೆ ಎಳೆದುಕೊಂಡರು. “ಮುಟ್ಟಿದ್ರೆ ಮುರೀತದೆ” ಎಂದರು. ನನ್ನಂಥವರಾದರೆ ಮುಟ್ಟದೆ ನೋಡಿಕೊಂಡಿರಬಹುದು. ಅವರಿಗೆ ಮುಟ್ಟಲಾಗದ್ದು ಇದ್ದೂ ಇಲ್ಲದ ಹಾಗೆ. ಅಂದಿನಿಂದ ಅಂಗಳದ ಆ ಮೂಲೆಗೆ ಹೋಗಲಿಲ್ಲ.

ಅಪ್ಪ ಈಗಲೂ ಇದ್ದಾರೆ. ಗಟ್ಟಿಯಾಗಿಯೇ ಇದ್ದಾರೆ. ಹೊತ್ತು ಎಷ್ಟೆಂದು ಆಗಾಗ ಕೇಳುತ್ತಾರೆ. ಯಾರಾದರೂ ಹೇಳುತ್ತೇವೆ, ಮತ್ತೆ ಕೇಳುತ್ತಾರೆ. ಹೋದ ವರ್ಷ ಒಂದು ಸಲ ನಾನು ಆ ಮರದ ಮಾತೆತ್ತಿದ್ದಕ್ಕೆ ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: “ಮರ ಓಯ್ತು, ದಿಟ. ನಿಮ್ಮಪ್ಪ ಇವತ್ತಿಗೂ ಉಂಡ್ಕೊಂಡು ಕುಂತವ್ರಲ್ಲ, ಅದು ಯಾತರಿಂದ ಅಂದ್ಕೊಂಡಿದ್ದೀಯ?” ಮಳೆಯನ್ನು ಅಳೆಯಬಹುದು. ಇದನ್ನು ಯಾವ ಮಾಪಕದಲ್ಲಿ ಹಿಡಿಯಲಿ?

ಗಾರೆಯ ವಾಸನೆ ಹಿಡಿದುಕೊಂಡು ಬಂದ ಮಾರನೆಯ ದಿನ, ಅಂದರೆ ನಿನ್ನೆ, ಕುರಿಬಂಡೆಗೆ ಹೋಗಿದ್ದೆ. ನಿಂಗಯ್ಯ ತೀರಿಕೊಂಡು ಎರಡು ವರ್ಷವಾಯಿತಂತೆ. ಅವನ ಮೇಕೆಗಳನ್ನು ಮಗಳು ಮೇಯಿಸುತ್ತಾಳೆ. ನಾವು ಸಂದಿನಲ್ಲೇ ಬಿಟ್ಟು ಬಂದಿದ್ದ ಬೇರಿನ ತುಂಡು ಚಿಗುರಿದೆ. ಗೇಣುದ್ದದ ಹುಣಸೆ, ಸಣ್ಣ ಬೆರಳಿನಷ್ಟು ದಪ್ಪ, ತುದಿಯನ್ನು ಮೇಕೆ ಆಗಲೇ ಮೇಯ್ದಿದೆ. ಅದಕ್ಕೆ ವಯಸ್ಸಾಗುವತನಕ ಅಪ್ಪ ಇರುವುದಿಲ್ಲ. ಆದರೆ ಎಲೆ ಮುಚ್ಚಿ ಬಿಚ್ಚುವುದಕ್ಕೆ ವಯಸ್ಸು ಬೇಕಾಗಿಲ್ಲ. ಎಲೆಯ ಮೇಲೆ ಕೈಯ ನೆರಳು ಮಾಡಿ ಸ್ವಲ್ಪ ಹೊತ್ತು ಕೂತಿದ್ದು ಬಂದೆ. ಅಪ್ಪನಿಗೂ ಅವ್ವನಿಗೂ ಇನ್ನೂ ಹೇಳಿಲ್ಲ.

ಮುಂದಿನ ಹದ ಮಳೆಗೆ ಅದನ್ನು ಎಬ್ಬಿಸಿ ತರಬೇಕೆಂದಿದ್ದೇನೆ. ಅದಕ್ಕೇ ಓದಿದವರಲ್ಲಿ ಒಂದು ಬೇಡಿಕೆ. ನೀರು ನಿಲ್ಲದಂತೆ, ಬೇರು ಕೊಳೆಯದಂತೆ, ತಳದಲ್ಲಿ ತೂತಿಲ್ಲದ ಪಾತ್ರೆಯಲ್ಲಿ ಒಂದು ಚಿಕ್ಕ ಮರವನ್ನು ಉಳಿಸಿಕೊಂಡವರು ಎಲ್ಲಾದರೂ ಇದ್ದರೆ, ಅಥವಾ ಅಂಥದ್ದನ್ನು ಕಂಡು ಕೇಳಿದವರಿದ್ದರೆ, ಈ ಪತ್ರಿಕೆಗೆ ಬರೆಯಿರಿ, ನನಗೆ ತಲುಪುತ್ತದೆ. ಎಷ್ಟು ಮರಳು, ಎಷ್ಟು ಇದ್ದಿಲು, ಯಾವ ಮಣ್ಣು, ಏನಾದರೂ ಬರೆಯಿರಿ. ತೂತು ಮಾಡಿ ಎಂದು ಮಾತ್ರ ಬರೆಯಬೇಡಿ. ನಮ್ಮ ಮನೆಯಲ್ಲಿ ಅಪ್ಪ ಇದ್ದಾರೆ, ಅವ್ವನೂ ಇದ್ದಾಳೆ.